ಐಫೋನ್ 15: ಹಲವು ದೇಶಗಳ ಬೆಲೆ ಹೋಲಿಸಿ ಕೊಂಡ ಫೋನ್, ದೀರ್ಘ ಬಳಕೆಯ ನಂತರ

ಐಫೋನ್ 15 ಎಂಬ ಒಂದೇ ಹೆಸರಿನಲ್ಲಿ ಆಪಲ್ ನಾಲ್ಕು ಮಾದರಿಗಳನ್ನು ಮಾರಿದೆ. ಅಮೆರಿಕಕ್ಕೆ ಎ2846. ಕೆನಡಾ, ಜಪಾನ್, ಮೆಕ್ಸಿಕೊಗಳಿಗೆ ಎ3089. ಚೀನಾ, ಹಾಂಗ್‌ಕಾಂಗ್, ಮಕಾವುಗಳಿಗೆ ಎ3092. ಯುರೋಪ್ ಸೇರಿದಂತೆ ಉಳಿದ ಬಹುತೇಕ ದೇಶಗಳಿಗೆ ಎ3090. ಪರದೆ, ಕ್ಯಾಮೆರಾ, ಚಿಪ್ ನಾಲ್ಕರಲ್ಲೂ ಒಂದೇ. ಬೇರೆಯಾಗುವುದು ಸಿಮ್ ವ್ಯವಸ್ಥೆ ಮತ್ತು ಹಿಡಿಯುವ ತರಂಗಾಂತರಗಳು. ಕೆಲಸದ ನಿಮಿತ್ತ ಆಗಾಗ ಗಡಿ ದಾಟುವವನಾದ್ದರಿಂದ ನನಗೆ ಈ ವ್ಯತ್ಯಾಸ ದೊಡ್ಡದಾಗಿ ಕಂಡಿತು. ಎ3090 ಅನ್ನು ಜರ್ಮನಿಯಲ್ಲಿ ಕೊಂಡೆ, ಎರಡು ವರ್ಷಕ್ಕೂ ಮೇಲಾಯಿತು. ಫೋನ್ ಹೇಗಿದೆ ಎಂದು ಹೇಳುವ ಮೊದಲು ಯಾವ ದೇಶದ್ದನ್ನು ಏಕೆ ಆರಿಸಿದೆ ಎಂಬುದನ್ನೇ ವಿವರವಾಗಿ ಹೇಳಬೇಕು. ಇಷ್ಟು ಕಾಲ ಬಳಸಿದ ಮೇಲೆ ಕ್ಯಾಮೆರಾಕ್ಕಿಂತಲೂ ಹೆಚ್ಚು ಸಮಾಧಾನ ಕೊಟ್ಟಿರುವುದು ಆ ಆಯ್ಕೆ.

ಬೆಲೆಯಿಂದ ಶುರು ಮಾಡೋಣ. 2023ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗ 128 ಜಿಬಿಯ ಫೋನಿಗೆ ಅಮೆರಿಕದಲ್ಲಿ 799 ಡಾಲರ್, ಬ್ರಿಟನ್ನಿನಲ್ಲಿ 799 ಪೌಂಡ್, ಜರ್ಮನಿಯಲ್ಲಿ 949 ಯೂರೊ, ಜಪಾನಿನಲ್ಲಿ 1,24,800 ಯೆನ್, ಹಾಂಗ್‌ಕಾಂಗಿನಲ್ಲಿ 6,899 ಹಾಂಗ್‌ಕಾಂಗ್ ಡಾಲರ್, ಯುಎಇಯಲ್ಲಿ 3,399 ದಿರ್ಹಾಮ್. ಎಲ್ಲವನ್ನೂ ಅಮೆರಿಕನ್ ಡಾಲರಿಗೆ ಬದಲಿಸಿದರೆ ಅಮೆರಿಕವೇ ಅಗ್ಗ, ಬ್ರಿಟನ್ ಮತ್ತು ಜರ್ಮನಿ ತೀರಾ ದುಬಾರಿ ಎಂದು ಕಾಣುತ್ತದೆ. ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ, ಅಮೆರಿಕಕ್ಕೆ ಹೋಗುವ ಪರಿಚಿತರಿಗೆ ಒಂದು ಫೋನ್ ತರಲು ಹೇಳಿಬಿಡುತ್ತಾರೆ.

ಆದರೆ ಅಮೆರಿಕದ ಬೆಲೆಪಟ್ಟಿಯಲ್ಲಿ ತೆರಿಗೆ ಸೇರಿರುವುದಿಲ್ಲ, ಉಳಿದ ದೇಶಗಳ ಬೆಲೆಯಲ್ಲಿ ಸೇರಿರುತ್ತದೆ. ಆರೆಗನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಮಾರಾಟ ತೆರಿಗೆ ಇಲ್ಲ. ಶೇ 9ರಷ್ಟು ತೆರಿಗೆ ಇರುವ ಊರಿನಲ್ಲಿ 799 ಡಾಲರ್ ಫೋನಿಗೆ ಬಿಲ್ 871 ಡಾಲರ್ ಆಗುತ್ತದೆ. ಪ್ರವಾಸಿಗರಿಗೆ ಈ ತೆರಿಗೆ ಹಿಂದಿರುಗಿಸುವ ದೇಶವ್ಯಾಪಿ ವ್ಯವಸ್ಥೆ ಅಮೆರಿಕದಲ್ಲಿ ಇಲ್ಲ. ಜರ್ಮನಿಯ 949 ಯೂರೊದಲ್ಲಿ ಶೇ 19 ವ್ಯಾಟ್ ಅಡಗಿದೆ. ಅದನ್ನು ಕಳೆದರೆ ಉಳಿಯುವುದು ಸುಮಾರು 797 ಯೂರೊ. ಹಾಂಗ್‌ಕಾಂಗಿನಲ್ಲಿ ಮಾರಾಟ ತೆರಿಗೆಯೇ ಇಲ್ಲ, ಕಂಡ ಬೆಲೆಯೇ ಕೊಡುವ ಬೆಲೆ, ಡಾಲರಿನಲ್ಲಿ ಸುಮಾರು 884. ಜಪಾನಿನ ಬೆಲೆಯಲ್ಲಿ ಶೇ 10 ತೆರಿಗೆ ಸೇರಿದೆ. ಯೆನ್ ಕುಸಿದು ಡಾಲರಿಗೆ 150ರ ಹತ್ತಿರ ಇದ್ದ ಆ ದಿನಗಳಲ್ಲಿ ತೆರಿಗೆ ಸಮೇತವೂ 832 ಡಾಲರ್ ಆಗುತ್ತಿತ್ತು. ಹೀಗೆ ಒಂದೇ ಅಳತೆಗೆ ತಂದು ನೋಡಿದಾಗ ಅಮೆರಿಕ, ಜಪಾನ್, ಹಾಂಗ್‌ಕಾಂಗ್, ತೆರಿಗೆ ಕಳೆದ ಜರ್ಮನಿ ಇವುಗಳ ನಡುವೆ ಉಳಿದದ್ದು ಕೆಲವು ಹತ್ತು ಡಾಲರುಗಳ ಅಂತರ. ಅಷ್ಟು ಹಣಕ್ಕಾಗಿ ನನಗೆ ಹೊಂದದ ಮಾದರಿಯನ್ನು ಕೊಳ್ಳುವುದು ಬೇಡ ಅನ್ನಿಸಿತು.

ತೆರಿಗೆ ವಾಪಸಾತಿಯ ಬಗ್ಗೆ ಕೆಲವು ಮಾತು. ಯುರೋಪ್ ಒಕ್ಕೂಟದ ಹೊರಗೆ ನೆಲೆಸಿರುವವರಿಗೆ ಮಾತ್ರ ಈ ಸೌಲಭ್ಯ. ಅಂಗಡಿಯವರೂ ಆ ಯೋಜನೆಯಲ್ಲಿ ಸೇರಿರಬೇಕು, ಆದ್ದರಿಂದ ಹಣ ಕೊಡುವ ಮೊದಲೇ ಕೇಳಿ, ಪಾಸ್‌ಪೋರ್ಟ್ ತೋರಿಸಿ ಅರ್ಜಿ ಪಡೆಯಿರಿ. ಒಕ್ಕೂಟದಿಂದ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಫೋನ್, ಬಿಲ್, ಅರ್ಜಿ ಮೂರನ್ನೂ ತೋರಿಸಿ ಮುದ್ರೆ ಹಾಕಿಸಬೇಕು. ಸಾಲು ಉದ್ದ ಇರುತ್ತದೆ, ಆದ್ದರಿಂದ ಬೇಗ ಹೋಗಿ. ಮರುಪಾವತಿ ಮಾಡುವ ಕಂಪನಿ ತನ್ನ ಶುಲ್ಕ ಹಿಡಿದುಕೊಳ್ಳುವುದರಿಂದ 151 ಯೂರೊ ಪೂರ್ತಿ ಕೈಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಈ ಆಸೆಯೇ ಬೇಡ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಅಂಗಡಿಗಳಲ್ಲಿ ಪ್ರವಾಸಿಗರಿಗೆ ವ್ಯಾಟ್ ಹಿಂದಿರುಗಿಸುವ ಯೋಜನೆ 2021ರ ಜನವರಿಯಿಂದ ನಿಂತುಹೋಗಿದೆ. ಕಾರ್ಡ್ ಉಜ್ಜುವಾಗ ಯಂತ್ರ "ನಿಮ್ಮ ದೇಶದ ಹಣದಲ್ಲಿ ಪಾವತಿಸುತ್ತೀರಾ" ಎಂದು ಕೇಳಿದರೆ ಬೇಡ ಎನ್ನಿ. ಆ ಯಂತ್ರ ಹಾಕುವ ವಿನಿಮಯ ದರ ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನ ದರಕ್ಕಿಂತ ಕೆಟ್ಟದಾಗಿರುತ್ತದೆ. ಮನೆಗೆ ಮರಳಿದಾಗ ನಿಮ್ಮ ದೇಶದ ಕಸ್ಟಮ್ಸ್ ಸುಂಕ ಬೀಳುತ್ತದೆಯೇ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಿ. ಅಲ್ಲಿ ಸುಂಕ ಕಟ್ಟಬೇಕಾದರೆ ಇಷ್ಟು ಲೆಕ್ಕ ಹಾಕಿದ ಲಾಭವೆಲ್ಲ ಒಂದೇ ಏಟಿಗೆ ಹೋಗಬಹುದು.

ಈಗ ಸಿಮ್ ವಿಷಯ, ನನ್ನ ನಿರ್ಧಾರವಾದದ್ದು ಇಲ್ಲೇ. ಅಮೆರಿಕದ ಐಫೋನಿನಲ್ಲಿ 2022ರ ಐಫೋನ್ 14ರಿಂದಲೇ ಸಿಮ್ ಟ್ರೇ ಇಲ್ಲ, ಬರೀ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್. ಎ3092ರಲ್ಲಿ ಟ್ರೇ ಇದೆ, ಎರಡು ನ್ಯಾನೊ ಸಿಮ್ ಹಾಕಬಹುದು. ಆದರೆ ಚೀನಾದ ಮುಖ್ಯ ಭೂಭಾಗದಲ್ಲಿ ಮಾರಿದ ಫೋನಿನಲ್ಲಿ ಇ-ಸಿಮ್ ಇಲ್ಲ. ಎ3089 ಮತ್ತು ಎ3090ಗಳಲ್ಲಿ ಒಂದು ನ್ಯಾನೊ ಸಿಮ್ ಜೊತೆಗೆ ಇ-ಸಿಮ್ ಕೂಡ ಇದೆ. ದಿನವೂ ಒಂದೇ ಊರಿನಲ್ಲಿ ಇರುವವರಿಗೆ ಇದು ಕ್ಷುಲ್ಲಕ ಅನ್ನಿಸಬಹುದು. ಪ್ರಯಾಣ ಮಾಡುವವರಿಗೆ ಹಾಗಲ್ಲ. ಬ್ಯಾಂಕಿನ ಒಟಿಪಿ ಬರುವ ನಂಬರ್ ಟ್ರೇಯಲ್ಲಿ ಇರುತ್ತದೆ. ಹೋದ ದೇಶದ ಡೇಟಾ ಇ-ಸಿಮ್ಮಾಗಿ ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ಸಿದ್ಧವಾಗಿರುತ್ತದೆ. ಇಳಿದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಡೇಟಾವನ್ನು ಹೊಸ ಲೈನಿಗೆ ಬದಲಿಸಿ, ಹಳೆಯ ಲೈನಿನ ರೋಮಿಂಗ್ ಡೇಟಾ ಆಫ್ ಮಾಡಿದರೆ ಆಯಿತು. ಕರೆ ಮತ್ತು ಸಂದೇಶ ಹಳೆಯ ನಂಬರಿಗೇ ಬರುತ್ತಿರುತ್ತವೆ. ಇ-ಸಿಮ್ ಇನ್ನೂ ಕೊಡದ ಸಣ್ಣ ಕಂಪನಿಗಳು ಇರುವ ಕಡೆ ಅಲ್ಲಿನ ಪ್ಲಾಸ್ಟಿಕ್ ಸಿಮ್ ಕೊಂಡು ಟ್ರೇಗೆ ಹಾಕುತ್ತೇನೆ. ಎರಡೂ ದಾರಿ ತೆರೆದಿರುವುದರಿಂದ ಸಂಪರ್ಕ ಸಿಗದೆ ಪರದಾಡುವ ಪ್ರಸಂಗ ಬಂದಿಲ್ಲ.

ಜಪಾನಿನ ಎ3089ರಲ್ಲೂ ಇದೇ ಸಿಮ್ ವ್ಯವಸ್ಥೆ ಇತ್ತು, ಬೆಲೆಯೂ ಚೆನ್ನಾಗಿತ್ತು. ಬಿಟ್ಟದ್ದು ಕ್ಯಾಮೆರಾ ಸದ್ದಿನ ಕಾರಣಕ್ಕೆ. ಕದ್ದು ಫೋಟೊ ತೆಗೆಯುವುದನ್ನು ತಡೆಯಲು ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಮಾರುವ ಫೋನ್‌ಗಳು ಸೈಲೆಂಟ್‌ನಲ್ಲಿದ್ದರೂ ಫೋಟೊ ತೆಗೆದಾಗ ಸದ್ದು ಮಾಡುವಂತೆ ಮಾಡಿದ್ದಾರೆ. ಉದ್ದೇಶ ಒಳ್ಳೆಯದೇ, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಮಲಗಿರುವ ಮಗುವಿನ ಫೋಟೊ, ಸಭೆಯ ನಡುವೆ ಬೋರ್ಡಿನ ಫೋಟೊ ತೆಗೆಯುವವನಿಗೆ ಆ ಸದ್ದು ಬೇಡ. ಯುಎಇಯ ಫೋನ್ ಕೊಳ್ಳುವವರು ಆಪಲ್‌ನ ವಿಡಿಯೊ ಕರೆ ಸೌಲಭ್ಯವಾದ ಫೇಸ್‌ಟೈಮ್ ವಿಷಯ ವಿಚಾರಿಸಿಕೊಳ್ಳಿ. ಅಲ್ಲಿ ಮಾರುವ ಐಫೋನ್‌ಗಳಲ್ಲಿ ಅದಕ್ಕೆ ಬಹುಕಾಲ ನಿರ್ಬಂಧ ಇತ್ತು.

ತರಂಗಾಂತರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಯುರೋಪ್ ಮತ್ತು ಏಷ್ಯಾದ ಬಹುಪಾಲು 5ಜಿ 3.5 ಗಿಗಾಹರ್ಟ್ಸ್‌ನ ಎನ್78 ಎಂಬ ತರಂಗಾಂತರ ಪಟ್ಟಿಯಲ್ಲಿ ನಡೆಯುತ್ತದೆ, ನಾಲ್ಕೂ ಮಾದರಿ ಅದನ್ನು ಹಿಡಿಯುತ್ತವೆ. ಮಿಲಿಮೀಟರ್ ತರಂಗದ ಅತಿವೇಗದ 5ಜಿ ಇರುವುದು ಅಮೆರಿಕದ ಮಾದರಿಯಲ್ಲಿ ಮಾತ್ರ. ಅದು ಕೆಲವೇ ಬೀದಿ, ಕ್ರೀಡಾಂಗಣಗಳಲ್ಲಿ ಸಿಗುವಂಥದ್ದು, ಇಲ್ಲದಿದ್ದರೆ ನಷ್ಟವಿಲ್ಲ. ಇದಕ್ಕಿಂತ ಮುಖ್ಯವಾದದ್ದು ಲಾಕ್. ಟೆಲಿಕಾಂ ಕಂಪನಿಯ ಕಂತಿನ ಒಪ್ಪಂದದಲ್ಲಿ ಅಗ್ಗವಾಗಿ ಸಿಗುವ ಫೋನ್ ಸಾಮಾನ್ಯವಾಗಿ ಆ ಕಂಪನಿಯ ಸಿಮ್ಮಿಗೇ ಕಟ್ಟುಬಿದ್ದಿರುತ್ತದೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಕ್ಯಾರಿಯರ್ ಲಾಕ್ ಎಂಬ ಸಾಲಿನಲ್ಲಿ ಸಿಮ್ ನಿರ್ಬಂಧ ಇಲ್ಲ ಎಂದು ಇದ್ದರೆ ಮಾತ್ರ ತೆಗೆದುಕೊಳ್ಳಿ. ಬಳಸಿದ ಫೋನ್ ಕೊಳ್ಳುವವರಂತೂ ಇದನ್ನು ನೋಡದೆ ಹಣ ಕೊಡಬಾರದು.

ಹೊರದೇಶದ ಫೋನನ್ನು ದೀರ್ಘಕಾಲ ಬಳಸಲು ಬಿಡದ ದೇಶಗಳೂ ಇವೆ. ಟರ್ಕಿಯಲ್ಲಿ ನೋಂದಣಿ ಮಾಡಿಸದ ಫೋನ್ 120 ದಿನಗಳ ನಂತರ ಅಲ್ಲಿನ ನೆಟ್‌ವರ್ಕ್ ಹಿಡಿಯುವುದಿಲ್ಲ, ನೋಂದಣಿ ಶುಲ್ಕವೋ ವಿಪರೀತ. ಇಂಡೊನೇಷ್ಯಾ, ಪಾಕಿಸ್ತಾನಗಳಲ್ಲೂ ಐಎಂಇಐ, ಅಂದರೆ ಪ್ರತಿ ಫೋನಿನ ಗುರುತಿನ ಸಂಖ್ಯೆಯ ನೋಂದಣಿಯ ಕಟ್ಟಳೆ ಇದೆ. ಅಂಥ ಕಡೆ ನೆಲೆಸುವವರು *#06# ಒತ್ತಿದರೆ ಸಿಗುವ ಆ ಸಂಖ್ಯೆಯ ನೋಂದಣಿ ಬಗ್ಗೆ ಮೊದಲೇ ವಿಚಾರಿಸಿ ಮುಂದುವರಿಯಿರಿ.

ವಾರಂಟಿ ವಿಷಯದಲ್ಲಿ ಕನಸು ಕಾಣಬೇಡಿ. ಆಪಲ್ ಕೊಡುವುದು ಒಂದು ವರ್ಷ, ಐಫೋನಿನ ಸೇವೆಯನ್ನು ಕೊಂಡ ದೇಶಕ್ಕೆ ಸೀಮಿತಗೊಳಿಸುವ ಹಕ್ಕನ್ನೂ ಅದು ಷರತ್ತಿನಲ್ಲೇ ಬರೆದುಕೊಂಡಿದೆ. ಯುರೋಪ್ ಒಕ್ಕೂಟದ ಕಾನೂನು ಗ್ರಾಹಕರಿಗೆ ಎರಡು ವರ್ಷದ ರಕ್ಷಣೆ ಕೊಡುತ್ತದೆ, ಆದರೆ ಅದು ಮಾರಿದ ಅಂಗಡಿಯ ಮೇಲಿನ ಹಕ್ಕು. ಆ ದೇಶಕ್ಕೆ ಮತ್ತೆ ಹೋಗುವವರಿಗೆ ಅದರಿಂದ ಪ್ರಯೋಜನ, ಹೋಗದವರಿಗೆ ಕಾಗದದ ಮೇಲಿನ ಮಾತು. ನಾನು ಜರ್ಮನಿಗೆ ಮತ್ತೆ ಹೋಗುತ್ತೇನೆಂದು ಗೊತ್ತಿದ್ದುದೂ ಆಯ್ಕೆಗೆ ಒಂದು ಕಾರಣ.

ಆಗ ಹೋಲಿಸಿದ ಬೇರೆ ಫೋನ್‌ಗಳು ಎರಡು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್23 ಅಮೆರಿಕದಲ್ಲಿ ಅದೇ 799 ಡಾಲರಿಗೆ 120 ಹರ್ಟ್ಸ್ ಪರದೆ (ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವಂಥದ್ದು) ಮತ್ತು ಮೂರು ಪಟ್ಟು ಜೂಮ್ ಲೆನ್ಸ್ ಕೊಡುತ್ತಿತ್ತು. ಎಸ್23ರಲ್ಲಿ ಎಲ್ಲ ದೇಶಕ್ಕೂ ಒಂದೇ ಸ್ನ್ಯಾಪ್‌ಡ್ರ್ಯಾಗನ್ ಚಿಪ್. ಮರುವರ್ಷದ ಎಸ್24ರಲ್ಲಿ ಅಮೆರಿಕ, ಕೆನಡಾ, ಚೀನಾಗಳಿಗೆ ಸ್ನ್ಯಾಪ್‌ಡ್ರ್ಯಾಗನ್, ಬಹುತೇಕ ಉಳಿದವರಿಗೆ ಸ್ಯಾಮ್‌ಸಂಗ್‌ನದೇ ಎಕ್ಸಿನೋಸ್ ಚಿಪ್ ಎಂದು ಮತ್ತೆ ಬೇರೆ ಮಾಡಿದರು. ಸ್ಯಾಮ್‌ಸಂಗ್ ಕೊಳ್ಳುವವರು ದೇಶ ನೋಡುವಾಗ ಚಿಪ್ಪನ್ನೂ ನೋಡಬೇಕು. ಇನ್ನೊಂದು ಪಿಕ್ಸೆಲ್ 8: 699 ಡಾಲರ್, ಏಳು ವರ್ಷದ ಅಪ್‌ಡೇಟ್ ಭರವಸೆ, ಸೊಗಸಾದ ಕ್ಯಾಮೆರಾ. ಗೂಗಲ್ ಅದನ್ನು ಕೆಲವೇ ದೇಶಗಳಲ್ಲಿ ಅಧಿಕೃತವಾಗಿ ಮಾರುತ್ತಿತ್ತು. ಮಾರದ ದೇಶಗಳಲ್ಲಿ 5ಜಿ, ವಿಒಎಲ್‌ಟಿಇ (4ಜಿ ಜಾಲದಲ್ಲೇ ಕರೆ ಮಾಡುವ) ಸೌಲಭ್ಯ ಸಿಗುವ ಖಾತ್ರಿ ಇರಲಿಲ್ಲ. ಒಂದೇ ದೇಶದಲ್ಲಿ ಇರುವವನಾಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ಇನ್ನು ಫೋನಿನ ಬಳಕೆ. 171 ಗ್ರಾಂ ತೂಕ, 6.1 ಅಂಗುಲದ ಪರದೆ, ಒಂದೇ ಕೈಯಲ್ಲಿ ಟೈಪ್ ಮಾಡಬಹುದು. ಹೊಳಪು ಬಿಸಿಲಿನಲ್ಲಿ 2000 ನಿಟ್ಸ್‌ವರೆಗೆ ಏರುವುದರಿಂದ ನಡುಮಧ್ಯಾಹ್ನ ರಸ್ತೆಯಲ್ಲಿ ಮ್ಯಾಪ್ ಓದಲು ಕೈ ಅಡ್ಡ ಹಿಡಿಯಬೇಕಾಗಿಲ್ಲ. ಪರದೆಯ ರಿಫ್ರೆಶ್ 60 ಹರ್ಟ್ಸ್ ಮಾತ್ರ. ಈ ಬೆಲೆಗೆ ಇದು ಕಡಿಮೆ ಎಂದೇ ನನ್ನ ಅಭಿಪ್ರಾಯ. 120 ಹರ್ಟ್ಸ್ ಫೋನಿನಿಂದ ಬರುವವರಿಗೆ ಸ್ಕ್ರೋಲ್ ಮಾಡುವಾಗ ವ್ಯತ್ಯಾಸ ಎದ್ದು ಕಾಣುತ್ತದೆ, ಅಂಥವರು ಕೊಳ್ಳುವ ಮುನ್ನ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಲೇಬೇಕು.

48 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ, ವಿವರ ಚೆನ್ನಾಗಿ ಉಳಿಯುತ್ತದೆ. ಸೆನ್ಸರಿನ ನಡುಭಾಗವನ್ನು ಬಳಸಿ ತೆಗೆಯುವ ಎರಡು ಪಟ್ಟು ಜೂಮ್ ನನಗೆ ಅತ್ಯಂತ ಪ್ರಿಯ. ಮುಖಚಿತ್ರಕ್ಕೆ, ದೂರದ ಫಲಕ ಓದಲು, ದಾಖಲೆಗಳ ನಕಲು ತೆಗೆಯಲು ಅದನ್ನೇ ಬಳಸುತ್ತೇನೆ. ಮನುಷ್ಯರ ಚಿತ್ರ ತೆಗೆದ ಮೇಲೂ ಯಾರ ಮೇಲೆ ಫೋಕಸ್ ಇರಬೇಕೆಂದು ಬದಲಿಸಬಹುದು. ಅದಕ್ಕಿಂತ ದೂರದ್ದಕ್ಕೆ ಪ್ರತ್ಯೇಕ ಲೆನ್ಸ್ ಇಲ್ಲ. ಹಕ್ಕಿ, ವೇದಿಕೆ ಕಾರ್ಯಕ್ರಮ ತೆಗೆಯುವವರಿಗೆ ಇದು ಸಾಲದು.

ಯುಎಸ್‌ಬಿ-ಸಿ ಬಂದ ಮೊದಲ ಐಫೋನ್ ಸರಣಿ ಇದು. ಲ್ಯಾಪ್‌ಟಾಪ್, ಇಯರ್‌ಫೋನ್, ಫೋನ್ ಎಲ್ಲಕ್ಕೂ ಒಂದೇ ಚಾರ್ಜರ್. ಯುರೋಪಿನ ಪ್ಲಗ್ ಇನ್ನೊಂದು ದೇಶದ ಗೋಡೆಗೆ ಕೂರದು ಎಂಬ ಚಿಂತೆ ಇಲ್ಲ, ಪೆಟ್ಟಿಗೆಯಲ್ಲಿ ಬರುವುದು ಕೇಬಲ್ ಮಾತ್ರ. ಕೇಬಲ್ ಮೂಲಕ ಫೈಲ್ ಸಾಗಿಸುವ ವೇಗ ಯುಎಸ್‌ಬಿ 2ರದ್ದು, ಸೆಕೆಂಡಿಗೆ 480 ಮೆಗಾಬಿಟ್. 4ಕೆ ವಿಡಿಯೊಗಳನ್ನು ರಾಶಿಗಟ್ಟಲೆ ಸಾಗಿಸುವವರು 15 ಪ್ರೊ ನೋಡುವುದು ಒಳ್ಳೆಯದು.

ಬ್ಯಾಟರಿಯ ಬಗ್ಗೆ ನನಗೆ ನಿಜವಾಗಿ ಖುಷಿ ಇದೆ. 15ರ ಸರಣಿಯಲ್ಲಿ ಚಾರ್ಜ್ ಸೈಕಲ್ (ಒಂದು ಪೂರ್ತಿ ಚಾರ್ಜಿನಷ್ಟು ಬಳಕೆ) ಎಣಿಕೆಯನ್ನು ಸೆಟ್ಟಿಂಗ್ಸ್‌ನಲ್ಲೇ ನೋಡಬಹುದು, ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆಯೂ ಇದೆ. ಈ ಸರಣಿಯ ಬ್ಯಾಟರಿ 1000 ಸೈಕಲ್ ಆದ ಮೇಲೂ ಮೂಲ ಸಾಮರ್ಥ್ಯದ ಶೇ 80 ಉಳಿಸಿಕೊಳ್ಳುವಂತೆ ವಿನ್ಯಾಸಗೊಂಡಿದೆ ಎಂದು ಆಪಲ್ 2024ರ ಫೆಬ್ರವರಿಯಲ್ಲಿ ಹೇಳಿತು. ಅದಕ್ಕೆ ಮುಂಚೆ ಹೇಳುತ್ತಿದ್ದುದು 500. ಸಾಮಾನ್ಯ ದಿನಗಳಲ್ಲಿ 80ರ ಮಿತಿ ಇಟ್ಟು, ಪ್ರಯಾಣದ ದಿನ ಮಾತ್ರ ಪೂರ್ತಿ ಚಾರ್ಜ್ ಮಾಡುತ್ತೇನೆ. ಈಗಲೂ ಬೆಳಗ್ಗೆ ತೆಗೆದ ಫೋನ್ ರಾತ್ರಿಯವರೆಗೆ ಬರುತ್ತದೆ. ಆದರೆ ಇಡೀ ದಿನ ಹಾಟ್‌ಸ್ಪಾಟ್ ಹಚ್ಚಿಟ್ಟರೆ ಸಂಜೆಗೆ ಪವರ್ ಬ್ಯಾಂಕ್ ಬೇಕು.

ಆಪಲ್‌ನ ಕೃತಕ ಬುದ್ಧಿಮತ್ತೆ ಸೌಲಭ್ಯವಾದ ಆಪಲ್ ಇಂಟೆಲಿಜೆನ್ಸ್ ಇದರಲ್ಲಿ ಬರುವುದಿಲ್ಲ, 15 ಪ್ರೊ ಮತ್ತು ಅದರ ನಂತರದವಕ್ಕೆ ಮಾತ್ರ. ನನಗೆ ಅದರ ಕೊರತೆ ಕಾಡಿಲ್ಲ. ಐಒಎಸ್ 26 ತಡವರಿಸದೆ ನಡೆಯುತ್ತಿದೆ.

ಇಂದು ಹೊಸದಾಗಿ ಕೊಳ್ಳುವವರು ಐಫೋನ್ 17 ನೋಡುತ್ತಿರಬಹುದು. ಅಮೆರಿಕದಲ್ಲಿ ಅದೇ 799 ಡಾಲರಿಗೆ ಈಗ 256 ಜಿಬಿ ಮತ್ತು 120 ಹರ್ಟ್ಸ್ ಪರದೆ ಸಿಗುತ್ತಿದೆ, ಬಹಳ ಒಳ್ಳೆಯ ಬದಲಾವಣೆ. ಆದರೆ ಸಿಮ್ ಟ್ರೇ ಇಲ್ಲದ ದೇಶಗಳ ಪಟ್ಟಿ ಬೆಳೆದಿದೆ: ಅಮೆರಿಕದ ಜೊತೆಗೆ ಕೆನಡಾ, ಜಪಾನ್, ಮೆಕ್ಸಿಕೊ, ಯುಎಇ, ಸೌದಿ ಅರೇಬಿಯಾ, ಕತಾರ್, ಕುವೈತ್, ಬಹರೇನ್, ಒಮಾನ್‌ಗಳಲ್ಲೂ ಈಗ ಬರೀ ಇ-ಸಿಮ್. ಅತಿ ತೆಳ್ಳಗಿನ ಐಫೋನ್ ಏರ್‌ನಲ್ಲಂತೂ ಯಾವ ದೇಶದಲ್ಲೂ ಟ್ರೇ ಇಲ್ಲ. ಪ್ಲಾಸ್ಟಿಕ್ ಸಿಮ್ ಬೇಕಾದವರು ದುಬೈ ಅಥವಾ ಟೋಕಿಯೊದಿಂದ 17 ತರಿಸುವ ಯೋಚನೆ ಬಿಟ್ಟು, ಯುರೋಪಿನ ಮಾದರಿಯ ಬೆಲೆಯಿಂದ ವ್ಯಾಟ್ ಕಳೆದು ಲೆಕ್ಕ ಹಾಕಿ.