ಪ್ರಸಂಗದ ಸಿದ್ಧತೆಗೆ ಇ-ಸ್ವೋರ್ಡ್: ಹಲವು ವರ್ಷ ಬಳಸಿದ ಮೇಲೆ

ಸಭಾಪಾಲಕರು ಬೇರೆ ಊರಿನ ಆರಾಧನೆಗೆ ಹೋಗುವ ಭಾನುವಾರಗಳಲ್ಲಿ ನಮ್ಮ ಸಭೆಯ ವಾಕ್ಯಸೇವೆ, ಅಂದರೆ ಪ್ರಸಂಗ ಮಾಡುವ ಕೆಲಸ, ನನ್ನ ಪಾಲಿಗೆ ಬರುತ್ತದೆ. ವಾರದ ನಡುವಿನ ಬೈಬಲ್ ಅಧ್ಯಯನವೂ ಹೆಚ್ಚುಕಡಿಮೆ ನನ್ನದೇ ಹೊಣೆ. ಎರಡಕ್ಕೂ ನಾನು ನೆಚ್ಚಿಕೊಂಡಿರುವುದು ಇ-ಸ್ವೋರ್ಡ್ ಎಂಬ ಬೈಬಲ್ ಅಧ್ಯಯನದ ತಂತ್ರಾಂಶವನ್ನು. ಅಮೆರಿಕದ ರಿಕ್ ಮೇಯರ್ಸ್ 2000ದಲ್ಲಿ ಹೊರತಂದ ಇದು ವಿಂಡೋಸ್ ಕಂಪ್ಯೂಟರಿಗೆ ಇಂದಿಗೂ ಉಚಿತ. ಐಪ್ಯಾಡ್ ಮತ್ತು ಮ್ಯಾಕ್‌ಗೆ ಹಣ ಕೊಡಬೇಕು. ಬೇಕಾದುದನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಕಾಗುವುದಿಲ್ಲ.

ಹೊಸಬರು ಇದನ್ನು ತೆರೆದೊಡನೆ ಕೈಹಾಕುವುದು ವ್ಯಾಖ್ಯಾನಗಳಿಗೆ. ಮ್ಯಾಥ್ಯೂ ಹೆನ್ರಿ, ಜಾನ್ ಗಿಲ್, ಆಲ್ಬರ್ಟ್ ಬಾರ್ನ್ಸ್ ಮುಂತಾದ ಹಳೆಯ ಬೈಬಲ್ ವ್ಯಾಖ್ಯಾನಕಾರರೆಲ್ಲರೂ ಅಲ್ಲಿದ್ದಾರೆ. ಆದರೆ ಈ ತಂತ್ರಾಂಶದ ನಿಜವಾದ ಸಂಪತ್ತು ಅಡ್ಡ ಉಲ್ಲೇಖಗಳಲ್ಲಿದೆ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ವ್ಯಾಖ್ಯಾನಗಳ ಪಟ್ಟಿಯಲ್ಲೇ ಸಿಗುವ ‘ಟ್ರೆಷರಿ ಆಫ್ ಸ್ಕ್ರಿಪ್ಚರ್ ನಾಲೆಜ್’ ಎಂಬುದನ್ನು ಮೊದಲು ಇಳಿಸಿಕೊಳ್ಳಿ. 19ನೇ ಶತಮಾನದ ಈ ಸಂಗ್ರಹದಲ್ಲಿ ವಿವರಣೆ ಬಹಳ ಕಡಿಮೆ. ಮುಖ್ಯವಾಗಿ ಇರುವುದು ಒಂದು ವಚನಕ್ಕೆ ಸಂಬಂಧಿಸಿದ ಬೇರೆ ವಚನಗಳ ಪಟ್ಟಿ.

ಅದರ ಉಪಯೋಗ ತಿಳಿಯಬೇಕಾದರೆ ಬೈಬಲಿನ ಅರಸುಗಳು ಮೊದಲನೆಯ ಭಾಗದ 17ನೇ ಅಧ್ಯಾಯವನ್ನೇ ನೋಡಿ. ಬರಗಾಲದಲ್ಲಿ ಪ್ರವಾದಿ ಎಲೀಯನು ಚಾರೆಪ್ತ ಎಂಬ ಊರಿನ ವಿಧವೆಯ ಬಳಿ ಮೊದಲು ತನಗೆ ರೊಟ್ಟಿ ಮಾಡಿಕೊಡು ಎಂದು ಕೇಳುವ ಭಾಗ. ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ, ಆದ್ದರಿಂದ ನೀವೂ ಮೊದಲು ದೇವರಿಗೆ ಕೊಡಿ ಎಂಬ ಪ್ರಸಂಗವನ್ನು ನಾವೆಲ್ಲರೂ ಕೇಳಿದ್ದೇವೆ. ಕೊನೆಯ ರೊಟ್ಟಿ ಸುಟ್ಟು ಮಗನೊಡನೆ ತಿಂದು ಸಾಯಲು ಕಟ್ಟಿಗೆ ಆರಿಸುತ್ತಿದ್ದ ತಾಯಿಯ ಕಥೆಯನ್ನು ಕಾಣಿಕೆ ಹೆಚ್ಚಿಸಲು ಬಳಸುವುದು ನನಗೆ ಯಾವತ್ತೂ ಸಹಿಸಲಾಗದ ಸಂಗತಿ.

ಒಂಬತ್ತನೆಯ ವಚನದ ಮೇಲೆ ಕ್ಲಿಕ್ ಮಾಡಿದರೆ ಚಾರೆಪ್ತವು ಚೀದೋನಿಗೆ ಸೇರಿದ ಊರೆಂದು ಕಣ್ಣಿಗೆ ಬೀಳುತ್ತದೆ. ಹಿಂದಿನ ಅಧ್ಯಾಯದ 31ನೇ ವಚನಕ್ಕೆ ಹೋಗಿ: ಇಸ್ರಾಯೇಲಿನ ಅರಸ ಅಹಾಬನ ಹೆಂಡತಿ ಈಜೆಬೆಲ್ ಚೀದೋನ್ಯರ ಅರಸನ ಮಗಳು. ಮುಂದಿನ ಅಧ್ಯಾಯದ ಹತ್ತನೆಯ ವಚನದಲ್ಲಿ ಅಹಾಬನು ಎಲೀಯನನ್ನು ಹುಡುಕಲು ಜನರನ್ನು ಕಳುಹಿಸದ ದೇಶವೇ ಇಲ್ಲ ಎಂಬ ಮಾತಿದೆ. ಅಂದರೆ ದೇವರು ತನ್ನ ಪ್ರವಾದಿಯನ್ನು ಅಡಗಿಸಿಟ್ಟದ್ದು ಈಜೆಬೆಲಳ ತವರಿನಲ್ಲೇ! ಬಾಳನೆಂಬ ದೇವತೆ ಮಳೆ ಕೊಡುತ್ತಾನೆಂದು ನಂಬಿದ್ದ ಆ ನಾಡಿನಲ್ಲಿ ಮಡಕೆಯ ತಳದಲ್ಲಿ ಉಳಿದಿದ್ದುದು ಒಂದು ಹಿಡಿ ಹಿಟ್ಟು.

ಪಟ್ಟಿ ಅಲ್ಲಿಂದ ಲೂಕ 4:26ಕ್ಕೆ ಕರೆದೊಯ್ಯುತ್ತದೆ. ಇಸ್ರಾಯೇಲಿನಲ್ಲಿ ಎಷ್ಟೋ ಮಂದಿ ವಿಧವೆಯರಿದ್ದರೂ ಎಲೀಯನನ್ನು ಕಳುಹಿಸಿದ್ದು ಹೊರಗಿನವಳ ಬಳಿಗೆ ಎಂದು ಯೇಸು ನಜರೇತಿನ ಸಭಾಮಂದಿರದಲ್ಲಿ ಹೇಳಿದಾಗ, ಕೇಳಿದವರು ಕೋಪದಿಂದ ಆತನನ್ನು ಗುಡ್ಡದ ಅಂಚಿನಿಂದ ದೊಬ್ಬಲು ಹೊರಟರು. ಇಷ್ಟು ತಿಳಿದ ಮೇಲೆ ಪ್ರಸಂಗದ ದಿಕ್ಕೇ ಬದಲಾಗುತ್ತದೆ. ಈ ಭಾಗ ತಾಕಬೇಕಾದದ್ದು ಬಡ ವಿಧವೆಯ ಕೈಚೀಲಕ್ಕಲ್ಲ, ದೇವರು ನಮ್ಮವನು ಮಾತ್ರ ಎಂದುಕೊಂಡು ಮುಂದಿನ ಬೆಂಚಿನಲ್ಲಿ ಕೂರುವ ನಮಗೆ. ಇದಕ್ಕೆ ಯಾವ ವ್ಯಾಖ್ಯಾನಕಾರರ ನೆರವೂ ಬೇಕಾಗಲಿಲ್ಲ; ಸತ್ಯವೇದವೇ (ಬೈಬಲ್ಲೇ) ಸತ್ಯವೇದವನ್ನು ಬಿಡಿಸಿ ಹೇಳಿತು.

ಇಷ್ಟಾದ ಮೇಲೆ ವ್ಯಾಖ್ಯಾನ ಓದಿದರೆ ಲಾಭವಿದೆ. ಉಚಿತವಾಗಿ ಸಿಗುವವುಗಳಲ್ಲಿ ಹೆಚ್ಚಿನವು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕೃತಿಗಳು ಎಂಬುದು ನೆನಪಿರಲಿ. ಮ್ಯಾಥ್ಯೂ ಹೆನ್ರಿ ತೀರಿಕೊಂಡದ್ದು 1714ರಲ್ಲಿ. ಅವರ ಭಕ್ತಿ ಇಂದಿಗೂ ಮನಸ್ಸನ್ನು ತಟ್ಟುತ್ತದೆ, ಆದರೆ ಆಮೇಲಿನ ಉತ್ಖನನಗಳೂ ಹಸ್ತಪ್ರತಿಗಳೂ ತಿಳಿಸಿದ ವಿಷಯಗಳು ಅಲ್ಲಿರಲು ಸಾಧ್ಯವಿಲ್ಲ. ಹೊಸ ವ್ಯಾಖ್ಯಾನಗಳಿಗೂ ಕೆಲವು ಹೊಸ ಇಂಗ್ಲಿಷ್ ಅನುವಾದಗಳಿಗೂ ಬೆಲೆ ತೆರಬೇಕು.

ಟಿಪ್ಪಣಿ ಬರೆಯುವ ಸೌಲಭ್ಯ ನನಗೆ ಬಹಳ ಮೆಚ್ಚಿಗೆ. ವಚನದ ಜೊತೆಗೇ ಟಿಪ್ಪಣಿ ಉಳಿಯುವುದರಿಂದ ಮತ್ತೆ ಆ ಭಾಗಕ್ಕೆ ಬಂದಾಗ ಹಿಂದೆ ಎದ್ದಿದ್ದ ಪ್ರಶ್ನೆ ಎದುರಿಗೇ ಇರುತ್ತದೆ. ಅಧ್ಯಯನದಲ್ಲಿ ಹಿರಿಯರೊಬ್ಬರು, ಅದೇ ದೇಶದಲ್ಲಿದ್ದ ಬೇರೆ ವಿಧವೆಯರ ಗತಿಯೇನು ಎಂದು ಕೇಳಿದ್ದನ್ನು ನಾನು ಅಲ್ಲಿ ಗುರುತು ಹಾಕಿಟ್ಟಿದ್ದೇನೆ. ಉತ್ತರ ಇನ್ನೂ ಬರೆದಿಲ್ಲ.

ಇಂಗ್ಲಿಷ್ ಅಷ್ಟಾಗಿ ಬಾರದ ಉಪದೇಶಿಗಳು ಹೇಗೆ ಬಳಸುವುದೆಂದು ಕೆಲವರು ಕೇಳುತ್ತಾರೆ. ವ್ಯಾಖ್ಯಾನಗಳಿಂದ ಅವರಿಗೆ ಹೆಚ್ಚು ಪ್ರಯೋಜನವಿಲ್ಲ. ಆದರೆ ಅಡ್ಡ ಉಲ್ಲೇಖಗಳಿಗೆ ಪುಸ್ತಕಗಳ ಇಂಗ್ಲಿಷ್ ಹೆಸರುಗಳೂ ಅಂಕಿಗಳೂ ಗೊತ್ತಿದ್ದರೆ ಸಾಕು. ಅರವತ್ತಾರು ಹೆಸರುಗಳ ಪಟ್ಟಿಯೊಂದನ್ನು ಬರೆದು, ಕನ್ನಡ ಸತ್ಯವೇದವನ್ನು ಮೇಜಿನ ಮೇಲೆ ತೆರೆದಿಟ್ಟುಕೊಳ್ಳಲಿ. ನಾನೂ ಓದುವುದು ಕನ್ನಡದಲ್ಲೇ, ಪ್ರಸಂಗ ಬರೆಯುವುದೂ ನೋಟ್‌ಬುಕ್ಕಿನಲ್ಲೇ. ಕಂಪ್ಯೂಟರ್ ಹೊಸದಾಗಿರಬೇಕೆಂದೂ ಇಲ್ಲ. ಮನೆಯ ಹಳೆಯ ಲ್ಯಾಪ್‌ಟಾಪ್ ಒಮ್ಮೆ ತೆಗೆದು ನೋಡಿ.