ಲಂಡನ್ನಿನ ಹಳೇ ಹೋಟೆಲಲ್ಲಿ ‘ಮಾಂಸ ಇದೆಯಾ?’ ಅಂತ ಕೇಳಿದರೆ ಸಾಲದು

ಮಧ್ಯ ಲಂಡನ್ನಿನ ಒಂದು ಹಳೆಯ ಹೋಟೆಲು. ಹೆಸರು ಬೇಡ. ಭಾನುವಾರ ಮಧ್ಯಾಹ್ನ ನಾಲ್ವರ ಟೇಬಲ್, ಅದರಲ್ಲಿ ಇಬ್ಬರು ಊರಿಂದ ಬಂದ ಹಿರಿಯರು. ಕೇಕಿನಲ್ಲಿ ಮೊಟ್ಟೆ ಇದ್ದರೆ ನಡೆಯುತ್ತೆ, ಮಾಂಸ ಮಾತ್ರ ಮುಟ್ಟುವವರಲ್ಲ. ಅವರಿಗೆ ತರಿಸಿದ್ದು ಅಣಬೆಯ ಪೈ, ರೋಸ್ಟ್ ಆಲೂಗಡ್ಡೆ, ಯಾರ್ಕ್‌ಶೈರ್ ಪುಡ್ಡಿಂಗ್. ಸಿಹಿಗೆ ಸ್ಪಾಟೆಡ್ ಡಿಕ್, ಅಂದರೆ ಒಣದ್ರಾಕ್ಷಿ ಹಾಕಿ ಹಬೆಯಲ್ಲಿ ಬೇಯಿಸಿದ ಪುಡ್ಡಿಂಗ್. ‘ಇದರಲ್ಲಿ ಮಾಂಸ ಇದೆಯಾ?’ ಅಂತ ಒಂದೊಂದಕ್ಕೂ ಕೇಳಿದ್ದಾಯಿತು, ‘ಇಲ್ಲ’ ಅಂತ ಉತ್ತರವೂ ಬಂತು. ತಟ್ಟೆ ಖಾಲಿಯಾದ ಮೇಲೆ, ಸಿಹಿ ಪುಡ್ಡಿಂಗ್ ಇಷ್ಟು ಹಗುರಾಗಿ ಹೇಗೆ ಬಂತು ಅಂತ ಕೇಳಿದರೆ ವೇಟರ್ ಹೆಮ್ಮೆಯಿಂದಲೇ ಹೇಳಿದ: ಸೂಯೆಟ್. ದನದ ಕಿಡ್ನಿಯ ಸುತ್ತ ಇರುವ ಗಟ್ಟಿ ಕೊಬ್ಬು. ಆಮೇಲೆ ಅಡುಗೆಮನೆಗೆ ಹೋಗಿ ವಿಚಾರಿಸಿಕೊಂಡು ಬಂದಾಗ ಆಲೂಗಡ್ಡೆ, ಯಾರ್ಕ್‌ಶೈರ್ ಪುಡ್ಡಿಂಗ್ ಎರಡೂ ದನದ ಕೊಬ್ಬಲ್ಲೇ ಬೆಂದದ್ದು ಅಂತ ತಿಳಿಯಿತು. ಮ್ಯಾನೇಜರ್ ಸಾರಿ ಕೇಳಿ ಸಿಹಿಯ ದುಡ್ಡು ಬಿಟ್ಟರು. ‘ನೀವು ಕೇಳಿದ್ದು ಮಾಂಸದ ಬಗ್ಗೆ’ ಅಂತಲೂ ಸೇರಿಸಿದರು.

ಸಿಟ್ಟು ಬರಿಸುವ ಮಾತು ಹೌದು, ಸುಳ್ಳಲ್ಲ. ನಮ್ಮೂರ ಖಾನಾವಳಿಯಲ್ಲಿ ಒಗ್ಗರಣೆಗೆ ಹಾಕಿದ್ದು ಯಾವ ಎಣ್ಣೆ ಅಂತ ಕೇಳದೇ ಯಾರಾದರೂ ಹೇಳುತ್ತಾರಾ? ಇಲ್ಲಿ ಕೊಬ್ಬಿಗೆ ಅದೇ ಜಾಗ. ಕಾವೆಂಟ್ ಗಾರ್ಡನ್ ಪಕ್ಕದ ಮೇಡನ್ ಲೇನಿನ ‘ರೂಲ್ಸ್’ ಅನ್ನುವ ಹೋಟೆಲು 1798ರದ್ದು, ಸ್ಟ್ರ್ಯಾಂಡ್ ರಸ್ತೆಯ ಸಿಂಪ್ಸನ್ಸ್ 1828ರಲ್ಲಿ ಚೆಸ್ ಆಡುತ್ತಾ ಸಿಗಾರ್ ಸೇದುವವರ ಅಡ್ಡೆಯಾಗಿ ಶುರುವಾದದ್ದು, ಸ್ವೀಟಿಂಗ್ಸ್ 1889ರದ್ದು. (ಮೇಲಿನ ಘಟನೆಗೂ ಇವಕ್ಕೂ ಸಂಬಂಧ ಇಲ್ಲ, ಕಾಲ ತಿಳಿಯಲಿ ಅಂತ ಹೇಳಿದ್ದು.) ಆ ಕಾಲದ ಅಡುಗೆಯಲ್ಲಿ ಕರಿಯಲು, ಹುರಿಯಲು, ಹಿಟ್ಟಿಗೆ ಬೆರೆಸಲು ಇದ್ದದ್ದು ಪ್ರಾಣಿಯ ಕೊಬ್ಬು ಮತ್ತು ಬೆಣ್ಣೆ. ‘ಹಳೇ ಪದ್ಧತಿ’ ಅಂತ ಮೆನುವಿನಲ್ಲಿ ಬರೆದುಕೊಂಡವರು ಅದನ್ನೇ ಮುಂದುವರಿಸಿರುತ್ತಾರೆ. ಅವರು ದುಡ್ಡು ತೆಗೆದುಕೊಳ್ಳುವುದೇ ಆ ರುಚಿಗೆ.

ಸೂಯೆಟ್ ಬೇಕೇ ಬೇಕು ಅನ್ನುವುದಕ್ಕೆ ಕಾರಣವೂ ಇದೆ. ಬೆಣ್ಣೆ ಸುಮಾರು 35 ಡಿಗ್ರಿಗೆ ಕರಗಿ ಹಿಟ್ಟಿನೊಳಗೆ ಸೇರಿಹೋಗುತ್ತೆ. ಸೂಯೆಟ್ ಕರಗಲು ಅದಕ್ಕಿಂತ ಹೆಚ್ಚು ಶಾಖ ಬೇಕು. ಅಷ್ಟರಲ್ಲಿ ಸುತ್ತಲಿನ ಹಿಟ್ಟು ಗಟ್ಟಿಯಾಗತೊಡಗಿರುತ್ತೆ, ಕೊಬ್ಬಿನ ಚೂರು ಇದ್ದಲ್ಲೆಲ್ಲ ಸಣ್ಣ ತೂತು ಉಳಿಯುತ್ತೆ. ಹಗುರ ಬರುವುದು ಹಾಗೆ. ಸಾಮಾನ್ಯ ಅಳತೆ 200 ಗ್ರಾಂ ಮೈದಾಗೆ 100 ಗ್ರಾಂ ಸೂಯೆಟ್, ಒಂದೂವರೆ ಎರಡು ಗಂಟೆ ಹಬೆ. ಹಿಟ್ಟಿನ ಅರ್ಧದಷ್ಟು ಕೊಬ್ಬು ಅಂದಮೇಲೆ ಸೋಸಿ ತಿನ್ನುವ ಪ್ರಶ್ನೆಯೇ ಇಲ್ಲ. ಜ್ಯಾಮ್ ರೋಲಿ ಪೋಲಿ, ಕ್ರಿಸ್‌ಮಸ್ ಪುಡ್ಡಿಂಗ್, ಸಾರಿನಲ್ಲಿ ತೇಲುವ ಡಂಪ್ಲಿಂಗ್ ಎಲ್ಲದರಲ್ಲೂ ಇದೇ ಹಳೇ ಕ್ರಮ. ಮಿನ್ಸ್ ಪೈ ಒಳಗೆ ಈಗ ಇರುವುದು ಒಣಹಣ್ಣಿನ ಹೂರಣ, ಅದಕ್ಕೂ ಸೂಯೆಟ್ ಬೀಳುವುದುಂಟು. ತಾಳೆಎಣ್ಣೆಯಿಂದ ಮಾಡಿದ ವೆಜಿಟೆಬಲ್ ಸೂಯೆಟ್ ಅಂಗಡಿಯಲ್ಲಿ ಸಿಗುತ್ತೆ. ಈ ಅಡುಗೆಮನೆ ಯಾವುದನ್ನು ಬಳಸುತ್ತೆ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಯಾರ್ಕ್‌ಶೈರ್ ಪುಡ್ಡಿಂಗ್ ಹೆಸರಿಗೆ ಪುಡ್ಡಿಂಗ್, ಸಿಹಿ ಅಲ್ಲ. ಮೊಟ್ಟೆ, ಹಾಲು, ಮೈದಾ ಕಲಸಿದ ತೆಳು ಹಿಟ್ಟು. ತಟ್ಟೆಯಲ್ಲಿ ಕೊಬ್ಬು ಹಾಕಿ, 220 ಡಿಗ್ರಿಯ ಓವನ್ನಿನಲ್ಲಿ ಹೊಗೆ ಬರುವಷ್ಟು ಕಾಯಿಸಿ, ಅದರ ಮೇಲೆ ಹಿಟ್ಟು ಸುರಿದರೆ ಉಬ್ಬಿ ಬರುತ್ತೆ. ಮೊದಲು ಬೇಯುತ್ತಿರುವ ಮಾಂಸದ ಕೆಳಗೇ ತಟ್ಟೆ ಇಟ್ಟು, ತೊಟ್ಟಿಕ್ಕಿದ ಕೊಬ್ಬು ಹಿಡಿಯುತ್ತಿದ್ದರು. ಡ್ರಿಪ್ಪಿಂಗ್ ಅನ್ನುವ ಹೆಸರು ಅಲ್ಲಿಂದ ಬಂದದ್ದು. ರೋಸ್ಟ್ ಆಲೂಗಡ್ಡೆಗೆ ಇದೇ ಡ್ರಿಪ್ಪಿಂಗ್, ಇಲ್ಲವೇ ಬಾತುಕೋಳಿ ಜಾತಿಯ ಗೂಸ್ ಕೊಬ್ಬು. ಚಿಪ್ಸನ್ನು (ನಾವು ಫ್ರೆಂಚ್ ಫ್ರೈಸ್ ಅನ್ನುವಂಥದ್ದು) ದನದ ಕೊಬ್ಬಲ್ಲಿ ಕರಿಯುವ ಕಡೆ ಅದನ್ನು ಮೆನುವಿನಲ್ಲಿ ಹೆಮ್ಮೆಯಿಂದ ಬರೆದಿರುತ್ತಾರೆ, ಕಣ್ಣಿಟ್ಟು ಓದಿ.

ಉಳಿದವು ಇನ್ನೂ ಮೋಸದವು. ವೆಲ್ಷ್ ರೇರ್‌ಬಿಟ್ ನೋಡಲು ಬರೀ ಚೀಸ್ ಟೋಸ್ಟ್. ಅದಕ್ಕೆ ಬೀಳುವ ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಅನ್ನುವ ಮೀನು ಇರುತ್ತೆ. ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನುವ ಪುಟ್ಟ ಕೋಸಿಗೆ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಚೂರು ಸೇರಿಸುವುದು ವಾಡಿಕೆ. ಆಲೂ-ಲೀಕ್ ಸೂಪಿಗೆ ನೀರಿನ ಬದಲು ಕೋಳಿಯ ಸ್ಟಾಕ್, ಅಂದರೆ ಮೂಳೆ ಬೇಯಿಸಿ ಬಸಿದ ರಸ. ಟ್ರೈಫಲ್ ಅನ್ನುವ ಸಿಹಿಯ ಜೆಲ್ಲಿಗೆ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್. ಸ್ವೀಟ್‌ಬ್ರೆಡ್ ಸಿಹಿಯೂ ಅಲ್ಲ ಬ್ರೆಡ್ಡೂ ಅಲ್ಲ, ಕರುವಿನ ಅಥವಾ ಕುರಿಮರಿಯ ಗ್ರಂಥಿ. ಇಷ್ಟರ ನಡುವೆ ನೆಮ್ಮದಿಯಿಂದ ತಿನ್ನಬಹುದಾದದ್ದು ಲೆಮನ್ ಪಾಸೆಟ್: ಕ್ರೀಮ್, ಸಕ್ಕರೆ, ನಿಂಬೆರಸ, ಅಷ್ಟೇ. ಜೊತೆಗೆ ಬರುವ ಬಿಸ್ಕೆಟ್ಟಿನ ಬಗ್ಗೆ ಒಂದು ಮಾತು ಕೇಳಿಕೊಳ್ಳಿ.

ನಮ್ಮವರು ಹೆಚ್ಚು ಎಡವುವುದು ಅಲರ್ಜಿ ಪಟ್ಟಿಯಲ್ಲಿ. ಕೇಳಿದರೆ ಅಲರ್ಜಿ ಮಾಹಿತಿ ಕೊಡುವುದು ಇಲ್ಲಿ ಕಡ್ಡಾಯ. ವೇಟರ್ ಹಾಳೆ ತಂದು ಮುಂದಿಡುತ್ತಾನೆ, ಅದರಲ್ಲಿ ‘ಗೋಧಿ, ಹಾಲು’ ಅಂತ ಮಾತ್ರ ಇರುತ್ತೆ, ನಾವು ನಿರಾಳ. ಆದರೆ ಕಾನೂನು ಹೆಸರಿಸುವುದು 14 ಅಲರ್ಜಿಕಾರಕಗಳನ್ನು. ಮೀನು, ಮೊಟ್ಟೆ, ಸಾಸಿವೆ, ಎಳ್ಳು, ಸೆಲರಿ ಕೂಡ ಅದರಲ್ಲಿವೆ. ದನದ ಕೊಬ್ಬು, ಹಂದಿಯ ಕೊಬ್ಬು, ಜೆಲಟಿನ್ ಇಲ್ಲ. ಸೂಯೆಟ್ ತುಂಬಿದ ಪುಡ್ಡಿಂಗಿನ ಅಲರ್ಜಿ ಹಾಳೆ ಅಚ್ಚುಕಟ್ಟಾಗಿ ನಿರ್ದೋಷಿಯಾಗಿ ಕಾಣಿಸುತ್ತೆ. ಆ ಟೇಬಲಿನಲ್ಲೂ ಆದದ್ದು ಇದೇ, ಹಾಳೆ ತರಿಸಿ ನೋಡಿದ್ದರು.

ಹಾಗಾಗಿ ‘ಮಾಂಸ’ ಅನ್ನುವ ಪದ ಬಿಡಿ. ಕೇಳಬೇಕಾದ್ದು ಹೆಸರು ಹಿಡಿದು: ಸೂಯೆಟ್, ಡ್ರಿಪ್ಪಿಂಗ್, ಲಾರ್ಡ್ (ಹಂದಿ ಕೊಬ್ಬು), ಗೂಸ್ ಫ್ಯಾಟ್, ಸ್ಟಾಕ್, ಜೆಲಟಿನ್, ಆಂಚೊವಿ. ಟೇಬಲಿಗೆ ಕೂತ ಮೇಲಲ್ಲ, ಎರಡು ಮೂರು ದಿನ ಮೊದಲೇ ಇಮೇಲ್‌ನಲ್ಲಿ. ಪುಡ್ಡಿಂಗ್ ಬೆಳಿಗ್ಗೆಯೇ ಹಬೆಗೆ ಹೋಗಿರುತ್ತೆ, ಆಲೂಗಡ್ಡೆ ಒಟ್ಟಿಗೇ ಓವನ್ ಸೇರಿರುತ್ತೆ. ಮಧ್ಯಾಹ್ನ ಒಂದೂವರೆಗೆ, ಹೋಟೆಲ್ ತುಂಬಿರುವಾಗ, ಯಾವ ಬಾಣಸಿಗನೂ ಇಬ್ಬರಿಗಾಗಿ ಬೇರೆ ಎಣ್ಣೆ ಇಡಲಾರ. ಮೊದಲೇ ಹೇಳಿದರೆ ಆಲೂಗಡ್ಡೆಯನ್ನು ಸಸ್ಯಜನ್ಯ ಎಣ್ಣೆಯಲ್ಲಿ ಬೇರೆಯಾಗಿ ಬೇಯಿಸುವುದು ಕಷ್ಟವಲ್ಲ. ಗ್ರೇವಿಯನ್ನೂ ಮರೆಯಬೇಡಿ: ಸಸ್ಯಾಹಾರಿ ಗ್ರೇವಿ ಬೇರೆ ಜಗ್ಗಿನಲ್ಲಿ ಬರಲಿ, ತಟ್ಟೆಯ ಮೇಲೆ ಸುರಿದುಕೊಂಡು ಬರುವುದು ಬೇಡ ಅಂತ ಬರೆಯಿರಿ.

ಮಾಂಸ ತಿನ್ನುವವರು, ದನದ್ದು ಮಾತ್ರ ಬೇಡ ಅನ್ನುವವರೂ ನಿಶ್ಚಿಂತರಾಗಬೇಡಿ. ಕೋಳಿಯ ಪೈ ಅಂತ ತರಿಸಿದರೆ ಮೇಲಿನ ಹಿಟ್ಟಿನ ಹೊದಿಕೆಯಲ್ಲಿ ಸೂಯೆಟ್ ಅಥವಾ ಲಾರ್ಡ್ ಇರಬಹುದು. ಬೇಟೆಯ ಹಕ್ಕಿಗಳದ್ದು ಬೇರೆಯೇ ಕಥೆ. ಗ್ರೌಸ್ ಬೇಟೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ, ಫೆಸೆಂಟ್ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಏಪ್ರಿಲ್‌ನಲ್ಲಿ ಗ್ರೌಸ್ ಅಂದರೆ ಅದು ಫ್ರೀಜರಿನದು. ಬೇಟೆಯ ಹಕ್ಕಿಯನ್ನು ಕೆಲವು ದಿನ ನೇತುಹಾಕಿ, ಒಳಗೆ ಇನ್ನೂ ಕೆಂಪಗಿರುವಂತೆ ಬೇಯಿಸಿ ಕೊಡುತ್ತಾರೆ, ಆ ವಾಸನೆ ಎಲ್ಲರಿಗೂ ಒಗ್ಗದು. ಬಂದೂಕಿನ ಗುಂಡಿನ ಚೂರು ಮಾಂಸದಲ್ಲಿ ಉಳಿದಿರಬಹುದು ಅಂತ ಮೆನುವಿನ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ. ಜೋರಾಗಿ ಕಚ್ಚಿದರೆ ಹಲ್ಲು ಹೋಗುತ್ತೆ.

ಇನ್ನು ಬಿಲ್. ಮೆನುವಿನ ಬೆಲೆಯಲ್ಲಿ 20% ವ್ಯಾಟ್ ಸೇರಿರುತ್ತೆ, ಮತ್ತೆ ಹಾಕುವಂತಿಲ್ಲ. ಅದರ ಮೇಲೆ ಬರುವುದು ಸರ್ವಿಸ್ ಚಾರ್ಜ್, ಸಾಮಾನ್ಯವಾಗಿ 12.5%, ಕೆಲವು ಕಡೆ 15%. ಬ್ರೆಡ್ ಹೆಸರಲ್ಲಿ ತಲೆಗೆ ಇಷ್ಟು ಅಂತ ಕವರ್ ಚಾರ್ಜ್ ಇರುವ ಜಾಗಗಳೂ ಇವೆ. ತಲೆಗೆ 45 ಪೌಂಡಿನಂತೆ ನಾಲ್ವರು ತಿಂದು 180 ಆಯಿತು ಅಂತಿಟ್ಟುಕೊಳ್ಳಿ. ಕವರ್ 3 ಪೌಂಡಿನಂತೆ 12 ಸೇರಿ 192, ಅದರ ಮೇಲೆ 12.5% ಅಂದರೆ 24, ಒಟ್ಟು 216. ಇಷ್ಟಾದ ಮೇಲೂ ಕಾರ್ಡ್ ಮೆಷೀನು ಇನ್ನೊಮ್ಮೆ ಟಿಪ್ ಕೇಳಿದರೆ ಅದು ಎರಡನೇ ಸಲದ್ದು, ‘ನೋ’ ಒತ್ತಿ. ಭಾರತದ ಕಾರ್ಡಾದರೆ ರೂಪಾಯಿಯಲ್ಲಿ ಕಟ್ಟುತ್ತೀರಾ ಅಂತ ಮೆಷೀನು ಕೇಳಬಹುದು, ಪೌಂಡನ್ನೇ ಆರಿಸಿ, ರೂಪಾಯಿಯ ದರ ನಷ್ಟದ್ದು. ಸರ್ವಿಸ್ ಚಾರ್ಜ್ ಮುಂದೆ ‘ಡಿಸ್ಕ್ರಿಷನರಿ’ (ಕೊಡುವುದು ನಿಮ್ಮಿಷ್ಟ) ಅಂತ ಬರೆದಿದ್ದರೆ ತೆಗೆಸುವ ಹಕ್ಕು ನಿಮಗಿದೆ. ಆದರೆ 2024ರ ಅಕ್ಟೋಬರ್ 1ರಿಂದ ಬಂದ ಕಾನೂನಿನ ಪ್ರಕಾರ ಅದು ಪೂರ್ತಿ ಕೆಲಸದವರಿಗೇ ಹೋಗಬೇಕು. ತಪ್ಪು ಹೋಟೆಲಿನದಾದರೆ ಊಟದ ದುಡ್ಡು ಬಿಡಿಸಿ, ವೇಟರಿನದನ್ನು ಅಲ್ಲ, ನಮ್ಮ ಅಭಿಪ್ರಾಯ.

‘ಮಾರ್ಕೆಟ್ ಪ್ರೈಸ್’ ಅಂತಿರುವ ಸಿಂಪಿ, ಲಾಬ್‌ಸ್ಟರ್, ಡೋವರ್ ಸೋಲ್ ಮೀನಿನ ಬೆಲೆ ಕೇಳದೇ ತರಿಸಬೇಡಿ. ‘ಇಬ್ಬರಿಗೆ’ ಅಂತಿರುವ ದೊಡ್ಡ ಖಾದ್ಯದ ಬೆಲೆ ಕೆಲವೆಡೆ ತಲೆಗೆ ಲೆಕ್ಕ. ತರಕಾರಿ ಬೇರೆ, ಅದಕ್ಕೆ ಬೇರೆ ದುಡ್ಡು. ನೀರಿಗೆ ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?’ ಅಂದರೆ ಎರಡೂ ಬಾಟಲಿ, ಎರಡಕ್ಕೂ ಬೆಲೆ. ಟ್ಯಾಪ್ ವಾಟರ್ ಅನ್ನಿ, ಮದ್ಯ ಮಾರುವ ಹೋಟೆಲು ಇಂಗ್ಲೆಂಡಿನಲ್ಲಿ ಅದನ್ನು ಪುಕ್ಕಟೆ ಕೊಡಲೇಬೇಕು.

ಬುಕಿಂಗ್ ಮಾಡುವಾಗ ಕಾರ್ಡ್ ನಂಬರ್ ತೆಗೆದುಕೊಂಡರೆ ರದ್ದತಿಯ ಗಡುವು ಎಷ್ಟು ಗಂಟೆ, ತಲೆಗೆ ಎಷ್ಟು ದಂಡ, ಟೇಬಲ್ ಎಷ್ಟು ಹೊತ್ತಿಗೆ ಬಿಡಬೇಕು ಅಂತ ಓದಿ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ತೋರಿಸಿ, ಫೋಟೊ ಹೊಡೆದು, ಹೊಳೆ ದಾಟಿ ಊಟಕ್ಕೆ ಹೋಗುವ ಯೋಜನೆಯಾದರೆ ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ. ತಡವಾದರೆ ಟೇಬಲ್ ಬೇರೆಯವರಿಗೆ ಹೋಗಬಹುದು. ಚಡ್ಡಿ, ಕ್ರೀಡೆಯ ಉಡುಪು ಬೇಡ ಅನ್ನುವ ನಿಯಮವೂ ಕೆಲವೆಡೆ ಉಂಟು.

ಇಷ್ಟೆಲ್ಲ ಮಾಡಿಯೂ ಎಡವಟ್ಟಾದರೆ ಕಾರ್ಡ್ ಕೊಡುವ ಮೊದಲೇ ಮ್ಯಾನೇಜರನ್ನು ಕರೆಸಿ. ಮೆನುವಿನ ಫೋಟೊ, ಬಿಲ್ ಇಟ್ಟುಕೊಳ್ಳಿ. ‘ಸಸ್ಯಾಹಾರ’ ಅಂತ ಬರವಣಿಗೆಯಲ್ಲಿ ಹೇಳಿ ಕೊಬ್ಬು ಬಡಿಸಿದ್ದರೆ ಅದು ಆಹಾರವನ್ನು ತಪ್ಪಾಗಿ ವರ್ಣಿಸಿದ ವಿಷಯ. ಜನರಿಗೆ ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಮೂಲಕ ಸ್ಥಳೀಯ ಕೌನ್ಸಿಲಿನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ (ವ್ಯಾಪಾರದ ಮೋಸ ವಿಚಾರಿಸುವ ವಿಭಾಗ)ಗೆ ದೂರು ಹೋಗುತ್ತೆ. ಆ ನಾಲ್ವರ ಕೈಯಲ್ಲಿ ಇಮೇಲ್ ಇರಲಿಲ್ಲ, ಬಾಯಿಮಾತಿನ ‘ಇಲ್ಲ’ ಒಂದೇ ಇತ್ತು.