ಪಿಇ ಲೇಬಲ್‌ನ ಎಪ್‌ಕ್ಯಾಮ್ ಆಂಟಿಬಾಡಿ, 9ಸಿ4 ಕ್ಲೋನ್: ಮಡಿಕೇರಿಯಲ್ಲಿ ಎರಡು ಮಳೆಗಾಲ ದಾಟಿದ ಮೇಲೆ

ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಓದುವ ಫ್ಲೋ ಸೈಟೋಮೀಟರ್ ಯಂತ್ರಕ್ಕೆ ಬಳಸುವ ಆಂಟಿಬಾಡಿ ಇದು. ಪಿಇ ಅದಕ್ಕೆ ಅಂಟಿಸಿದ ಹೊಳೆಯುವ ಬಣ್ಣ, 9ಸಿ4 ಆಂಟಿಬಾಡಿಯ ತಳಿಯ ಹೆಸರು. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಹೋದ ಒಂದು ಅಂಕ ಆಂಟಿಬಾಡಿಯದ್ದಲ್ಲ, ಜೊತೆಗೆ ಬರುವ ಮಾಹಿತಿ ಹಾಳೆಯದ್ದು. ಬೇಕಾದ ಅರ್ಧ ವಿಷಯ ಅದರಲ್ಲಿ ಇಲ್ಲವೇ ಇಲ್ಲ.

ಎಪ್‌ಕ್ಯಾಮ್, ಅಂದರೆ ಸಿಡಿ326, ಎಪಿಥೀಲಿಯಲ್ (ಅಂಗಗಳ ಹೊದಿಕೆಯ) ಕೋಶಗಳ ಮೈಮೇಲಿರುವ ಪ್ರೋಟೀನು. 1979ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಆಂಟಿಜೆನ್ ಎಂದೇ ಮೊದಲು ಗುರುತಾದದ್ದು. ಎದೆಯಲ್ಲೋ ಹೊಟ್ಟೆಯಲ್ಲೋ ತುಂಬಿದ ನೀರಿನಲ್ಲಿ ಕಾರ್ಸಿನೋಮಾ (ಎಪಿಥೀಲಿಯಲ್ ಕ್ಯಾನ್ಸರ್) ಕೋಶ ಹುಡುಕುವವರಿಗೆ ಇದು ಒದಗುವುದಕ್ಕೆ ಕಾರಣವಿದೆ: ಒಳಪೊರೆಯ ಮೀಸೋಥೀಲಿಯಲ್ ಕೋಶಗಳಲ್ಲೂ ಬಿಳಿ ರಕ್ತಕಣಗಳಲ್ಲೂ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಬಿಳಿ ರಕ್ತಕಣಗಳ ಗುರುತಾದ ಸಿಡಿ45 ಇಲ್ಲದ, ಎಪ್‌ಕ್ಯಾಮ್ ಇರುವ ಕೋಶ ಸಿಕ್ಕಿತೆಂದರೆ ನಿಂತು ನೋಡಬೇಕು.

ಶೀಷೆ ಕೈಗೆ ಬರುವುದರಿಂದಲೇ ಕಷ್ಟ ಶುರು. ಕೊಡಗಿಗೆ ರೈಲಿಲ್ಲ, ವಿಮಾನವಿಲ್ಲ. ಬೆಂಗಳೂರಿನಿಂದ ಎಲ್ಲವೂ ರಸ್ತೆಯಲ್ಲೇ ಬರಬೇಕು. ಇದಕ್ಕೆ 2ರಿಂದ 8 ಡಿಗ್ರಿ ಬೇಕು, ಹೆಪ್ಪುಗಟ್ಟಬಾರದು. ಪಿಇ ಸುಮಾರು 240 ಕಿಲೋಡಾಲ್ಟನ್ ತೂಕದ ದೊಡ್ಡ ಪ್ರೋಟೀನು. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಹೊಳಪು ಹೋಯಿತು. ಕಲ್ಲಿನಂತೆ ಗಟ್ಟಿಯಾದ ಜೆಲ್ ಪ್ಯಾಕಿಗೆ ಶೀಷೆ ತಾಗಿಕೊಂಡೇ ಬಂದಿದ್ದರೆ ವಾಪಸ್ ಕಳಿಸಿ. ಸೋಮವಾರ ಹೊರಡುವಂತೆ ಆರ್ಡರ್ ಹಾಕುವುದು ಒಳ್ಳೆಯದು. ಕೊಡಗಿನ ಹಬ್ಬಗಳಾದ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಯ ವಾರಗಳಲ್ಲಂತೂ ಬೇಡವೇ ಬೇಡ. ಡಬ್ಬ ಯಾವುದೋ ಗೋಡೌನಿನಲ್ಲಿ ಕೂತಿರುತ್ತದೆ.

ಫ್ರಿಜ್ಜಿನಲ್ಲಿ ಬಾಗಿಲಿನ ತಟ್ಟೆಯೂ ಬೇಡ, ಹಿಂಗೋಡೆಯೂ ಬೇಡ. ನಡುವಿನ ತಟ್ಟೆಯಲ್ಲಿ, ತಣ್ಣಗಿನ ನೀರಿನ ಬಾಟಲಿಗಳ ಜೊತೆ ಸಣ್ಣ ಥರ್ಮಾಕೋಲ್ ಡಬ್ಬದೊಳಗೆ ಇಟ್ಟರೆ ಜುಲೈನ ಕರೆಂಟ್ ಕಾಟವನ್ನು ತಡೆದುಕೊಳ್ಳುತ್ತದೆ. ಕರೆಂಟ್ ಹೋದಾಗ ಬಾಗಿಲು ತೆರೆಯದಿರುವುದೇ ದೊಡ್ಡ ಉಪಾಯ. ಬಳಸುವ ಮುನ್ನ ಶೀಷೆಯನ್ನು ಸೆಂಟ್ರಿಫ್ಯೂಜಿನಲ್ಲಿ ಕೆಲವು ಸೆಕೆಂಡ್ ತಿರುಗಿಸಿ. ಮುಚ್ಚಳದ ಒಳಗೆ ಅಂಟಿಕೊಂಡ ಹನಿಯೂ ದುಡ್ಡೇ.

ಹಾಳೆ ಹೇಳುವುದು 100 ಮೈಕ್ರೋಲೀಟರಿನಲ್ಲಿರುವ 10 ಲಕ್ಷ ಕೋಶಕ್ಕೆ 5 ಮೈಕ್ರೋಲೀಟರ್. ಅದನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಎಚ್‌ಟಿ-29 ಅಥವಾ ಎಂಸಿಎಫ್-7 (ಎರಡೂ ಲ್ಯಾಬಿನಲ್ಲಿ ಬೆಳೆಸುವ ಕಾರ್ಸಿನೋಮಾ ಕೋಶ) ಪಾಸಿಟಿವ್, ಜರ್ಕಟ್ (ಬಿಳಿ ರಕ್ತಕಣದ ಕೋಶ) ನೆಗೆಟಿವ್ ಎಂದಿಟ್ಟುಕೊಂಡು 5, 2.5, 1.25, 0.6 ಹೀಗೆ ಇಳಿಸುತ್ತಾ ನೋಡಿ. ನಮ್ಮ ಯಂತ್ರದಲ್ಲಿ 2.5ಕ್ಕೇ ಗ್ರಾಫಿನ ಪಾಸಿಟಿವ್, ನೆಗೆಟಿವ್ ಎರಡು ಗುಡ್ಡಗಳೂ ಚೆನ್ನಾಗಿ ಬೇರೆಯಾಗುತ್ತವೆ. 5 ಹಾಕಿದರೆ ನೆಗೆಟಿವ್ ಗುಡ್ಡವೇ ಬಲಕ್ಕೆ ಸರಿಯುತ್ತದೆ. ಹೊಸ ಲಾಟ್ ಬಂದಾಗಲೆಲ್ಲ ಇದನ್ನು ಮತ್ತೆ ಮಾಡಲೇಬೇಕು.

ಮಾದರಿ ರಕ್ತ ಗಟ್ಟಿಯಾಗದಂತೆ ತಡೆಯುವ ಇಡಿಟಿಎ ಅಥವಾ ಹೆಪಾರಿನ್ ಟ್ಯೂಬಿನಲ್ಲಿ ಬರಲಿ. ವಿರಾಜಪೇಟೆ, ಸೋಮವಾರಪೇಟೆಯಿಂದ ತರುವವರು ಟ್ಯೂಬನ್ನು ನೇರ ಐಸ್ ಮೇಲೆ ಇಡದೆ ನಡುವೆ ಬಟ್ಟೆ ಹಾಕಲಿ. ಚಳಿಗೆ ಮಂಜುಗಡ್ಡೆಯಾದರೆ ಕೋಶ ಒಡೆಯುತ್ತದೆ. ರಕ್ತ ಬೆರೆತಿದ್ದರೆ ಅಮೋನಿಯಂ ಕ್ಲೋರೈಡಿನಿಂದ ಕೆಂಪುಕಣ ಒಡೆಸಿ, ಸೆಂಟ್ರಿಫ್ಯೂಜಿನಲ್ಲಿ 300 ಜಿ ಬಲದಲ್ಲಿ 5 ನಿಮಿಷ ತಿರುಗಿಸಿ, 40 ಮೈಕ್ರಾನ್ ಜರಡಿಯಲ್ಲಿ ಸೋಸಿ. ಬಫರು: ಪಿಬಿಎಸ್ (ಉಪ್ಪಿನ ದ್ರಾವಣ), ಶೇ. 2 ಸೀರಂ, 2 ಮಿಲಿಮೋಲಾರ್ ಇಡಿಟಿಎ. ಇಡಿಟಿಎ ಬಿಟ್ಟರೆ ಎಪಿಥೀಲಿಯಲ್ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಡಬ್ಲೆಟ್ ಗೇಟಿನಾಚೆ (ಜೋಡಿ ಕೋಶಗಳನ್ನು ಹೊರಗಿಡಲು ಗ್ರಾಫಿನಲ್ಲಿ ಎಳೆದ ಗಡಿಯಾಚೆ) ಹೋಗುತ್ತವೆ. ಹುಡುಕುತ್ತಿದ್ದದ್ದನ್ನೇ ಎಸೆದ ಹಾಗೆ. ಎಫ್‌ಸಿ ಬ್ಲಾಕ್ (ಆಂಟಿಬಾಡಿ ಬೇಡದ ಕಡೆ ಅಂಟದಂತೆ ತಡೆ) 10 ನಿಮಿಷ, ಆಮೇಲೆ ಆಂಟಿಬಾಡಿ, ಕತ್ತಲಲ್ಲಿ ಐಸಿನ ಮೇಲೆ 20ರಿಂದ 30 ನಿಮಿಷ, ಎರಡು ಸಲ ತೊಳೆತ, ಕೊನೆಗೆ ಸತ್ತ ಕೋಶಕ್ಕೆ ಬಣ್ಣ ಹಚ್ಚುವ 7-ಎಎಡಿ.

ಹಾಳೆಯಲ್ಲಿ ಇಲ್ಲದ್ದು ಇಲ್ಲಿದೆ. ಫ್ಲಾಸ್ಕಿನಿಂದ ಕೋಶ ಎಬ್ಬಿಸಲು ಟ್ರಿಪ್ಸಿನ್ ಕಿಣ್ವವನ್ನು ಹೆಚ್ಚು ಹೊತ್ತು ಬಿಟ್ಟರೆ ಅದು ಮೇಲ್ಮೈ ಪ್ರೋಟೀನನ್ನೂ ಕತ್ತರಿಸುತ್ತದೆ, ಸಿಗ್ನಲ್ ಇಳಿಯುತ್ತದೆ. ಅಕ್ಯುಟೇಸ್ ಎಂಬ ಮೃದು ಕಿಣ್ವ ಅಥವಾ ಬರೀ ಇಡಿಟಿಎ ಸಾಕು. ಸತ್ತ ಕೋಶ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ, ಹಳೆ ಮಾದರಿಯ ಸುಳ್ಳು ಪಾಸಿಟಿವ್‌ಗಳಲ್ಲಿ ಬಹುಪಾಲು ಅದೇ. ಹಾಗಾಗಿ 7-ಎಎಡಿ ಬಿಡುವಂತಿಲ್ಲ. ಆದರೆ ಫಾರ್ಮಾಲ್ಡಿಹೈಡಿನಲ್ಲಿ ಫಿಕ್ಸ್ ಮಾಡಿದ ಮೇಲೆ 7-ಎಎಡಿ ಹಾಕಿದರೆ ಎಲ್ಲ ಕೋಶವೂ ಸತ್ತದ್ದರಂತೆಯೇ ಕಾಣುತ್ತದೆ; ಆಗ ಫಿಕ್ಸ್ ತಾಳುವ ಬೇರೆ ಡೈ ಬೇಕು. ಪಿಇಯ ಬೆಳಕು 578 ನ್ಯಾನೋಮೀಟರಿನ ಆಸುಪಾಸು. ಅದು 7-ಎಎಡಿ ಚಾನಲ್ಲಿಗೆ ಚೆಲ್ಲುತ್ತದೆ, ಸಿಡಿ45ರ ಎಫ್‌ಐಟಿಸಿ ಎಂಬ ಹಸಿರು ಬಣ್ಣ ಪಿಇ ಚಾನಲ್ಲಿಗೆ ಚೆಲ್ಲುತ್ತದೆ. ಕಾಂಪೆನ್ಸೇಷನ್ (ಚೆಲ್ಲಿದ್ದನ್ನು ಕಳೆಯುವ ಲೆಕ್ಕ) ಸರಿಯಾಗಿ ಮಾಡಿ, ಗೇಟಿನ ಗಡಿಯನ್ನು ಎಫ್‌ಎಂಒ ಟ್ಯೂಬಿನಿಂದ (ಒಂದು ಬಣ್ಣ ಬಿಟ್ಟು ಉಳಿದದ್ದೆಲ್ಲ ಹಾಕಿದ ಟ್ಯೂಬು) ಇಡಿ. ಐಸೋಟೈಪ್ (ಯಾವ ಗುರಿಗೂ ಅಂಟದ ಹೋಲಿಕೆಯ ಆಂಟಿಬಾಡಿ) ಇಡುವುದಾದರೆ ಇಲಿಯ ಐಜಿಜಿ2ಬಿ ಕಪ್ಪಾ. ಎಪ್‌ಕ್ಯಾಮಿನ ಬೇರೆ ಕೆಲವು ಕ್ಲೋನುಗಳು ಐಜಿಜಿ1, ಅವುಗಳದ್ದನ್ನು ಇಲ್ಲಿ ಬಳಸಿದರೆ ಹೋಲಿಕೆ ತಪ್ಪುತ್ತದೆ.

ಬೆರಳೆಣಿಕೆ ಕೋಶ ಹುಡುಕುವಾಗ ಹಿಂದಿನ ಟ್ಯೂಬಿನ ಎಚ್‌ಟಿ-29 ನಳಿಕೆಯಲ್ಲಿ ಉಳಿದು ಮುಂದಿನ ಮಾದರಿಯಲ್ಲಿ ಹಾಜರಾಗುವುದುಂಟು. ಕಂಟ್ರೋಲನ್ನು ಕೊನೆಗೆ ಓಡಿಸಿ. ಮಾದರಿಗಳ ನಡುವೆ ಬ್ಲೀಚ್, ಆಮೇಲೆ ನೀರು. ಒಂದು ಲಕ್ಷ ಈವೆಂಟಿಗಿಂತ (ಯಂತ್ರ ದಾಖಲಿಸಿದ ಕಣಗಳಿಗಿಂತ) ಕಡಿಮೆ ಓದಿ ‘ಇಲ್ಲ’ ಎನ್ನಬೇಡಿ.

ಮಳೆಗಾಲದಲ್ಲಿ ಕೋಣೆಗೆ ಡಿಹ್ಯುಮಿಡಿಫೈಯರ್, ಯಂತ್ರಕ್ಕೆ ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋಗಿ ಬಂದ ಪ್ರತಿ ಸಲ ಲೇಸರಿಗೆ ಅರ್ಧ ಗಂಟೆ ಕೊಟ್ಟು ಯಂತ್ರ ಸರಿಯಿದೆಯೇ ಎಂದು ತಿಳಿಸುವ ಕ್ಯೂಸಿ ಮಣಿ ಓಡಿಸಿ. ಸಿಗ್ನಲ್ ಬಿತ್ತೆಂದು ಆಂಟಿಬಾಡಿಯನ್ನು ಬೈಯುವ ಮೊದಲು ಇದನ್ನು ನೋಡಿ.

ಇದು ಸಂಶೋಧನೆಗೆ ಮಾತ್ರ ಎಂದು ಶೀಷೆಯ ಮೇಲೇ ಇದೆ, ಇದೊಂದರ ಮೇಲೆ ರೋಗಿಗೆ ವರದಿ ಕೊಡುವಂತಿಲ್ಲ. ಲಿಂಫೋಮಾ, ಮೆಲನೋಮಾ ಇದಕ್ಕೆ ಸಿಗುವುದಿಲ್ಲ. ಎಪಿಥೀಲಿಯಲ್ ಗುಣ ಕಳೆದುಕೊಂಡ ಕಾರ್ಸಿನೋಮಾವೂ ತಪ್ಪಿಸಿಕೊಳ್ಳಬಹುದು. ಸೈಟಾಲಜಿ ಸ್ಲೈಡ್ ಪಕ್ಕದಲ್ಲಿರಲಿ.

ಪಿಇ-ಸೈ7 ಎಂಬ ಎರಡು ಬಣ್ಣಗಳ ಜೋಡಿಯದ್ದನ್ನು ಇಲ್ಲಿಗೆ ತರಿಸಬೇಡಿ. ಬೆಳಕು, ಬಿಸಿ ತಾಗಿದರೆ ಆ ಜೋಡಿ ಮುರಿದು ಬರೀ ಪಿಇಯಂತೆ ಹೊಳೆಯುತ್ತದೆ. ಮೈಸೂರು ರಸ್ತೆಯಲ್ಲಿ ಒಂದು ದಿನ ತಡವಾದ ಡಬ್ಬಕ್ಕೆ ಅಷ್ಟು ಸಾಕು. ಬರೀ ಪಿಇ, 100 ಟೆಸ್ಟಿನ ಶೀಷೆ ತಗೊಳ್ಳಿ. 2.5 ಮೈಕ್ರೋಲೀಟರಿನ ಲೆಕ್ಕದಲ್ಲಿ ಅದು 200 ಆಗುತ್ತದೆ.